ವಿಹಾರದಲ್ಲಿ ತೆಗೆಯದ ಬಿಲ್ಲೆ

ಬೀದರಿನ ಚೌಬಾರದ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಬುದ್ಧ ವಿಹಾರವಿದೆ. ಕೆಂಪು ಕಲ್ಲಿನ ಹಳೇ ಗೋಡೆ. ಇಪ್ಪತ್ತು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಯಾವ ಗುಡಿಯೂ ಒಳಗೆ ಬಿಡದ ನಮ್ಮ ಮಂದಿ ಮೊದಲ ಸಲ ದೀಕ್ಷೆ ತೆಗೆದುಕೊಂಡಾಗ ಕಟ್ಟಿಸಿದ್ದು. ಮೆಹಕರದ ನಮ್ಮ ಮನೆ ಮಾತ್ರ ದೀಕ್ಷೆ ತೆಗೆದುಕೊಳ್ಳದೆ ಹಿಂದೆ ಉಳಿದಿತ್ತು.

ಅದನ್ನು ಸರಿಮಾಡಲು ಹೊರಟವನು ನನ್ನ ಕಾಕಾ. ಭಾಲ್ಕಿಯಲ್ಲಿ ನಾಲ್ಕು ಭಾಷಣ ಕೇಳಿ ಬಂದವನೇ ಮನೆಯ ದೇವರನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಾಂಜ್ರಾ ಹೊಳೆಗೆ ಬಿಟ್ಟ. ಉಳಿದದ್ದು ಒಂದೇ, ಕಾಕಿಯ ಕೊರಳಿನ ಬೆಳ್ಳಿ ಬಿಲ್ಲೆ.

ಕಾಕಿ ಅವನಿಗೆ ಎರಡನೆಯವಳು. ನಮ್ಮ ಕಡೆ ಅಂಥವಳ ಕೊರಳಿಗೆ, ಸತ್ತ ಮೊದಲ ಹೆಂಡತಿಯ ಮೂರ್ತಿ ಒತ್ತಿದ ಬಿಲ್ಲೆ ಕಟ್ಟುತ್ತಾರೆ. ಹೊಸ ಸೀರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಹೋಳಿಗೆಯ ಮೊದಲ ತುಂಡೂ ಅದಕ್ಕೇ. ಕಾಕಿಯ ಬಸಿರು ನಿಲ್ಲದಿದ್ದಾಗ ಆಯಿ, ಅಂದರೆ ನನ್ನ ಅಜ್ಜಿ, ಅವಳನ್ನು ದವಾಖಾನೆಗೆ ಒಯ್ಯಲಿಲ್ಲ. ಬಿಲ್ಲೆಗೆ ಕುಂಕುಮ ಹಚ್ಚಿ, "ಏನ್ ತಪ್ಪು ಮಾಡಿದಿ? ಆಕಿ ಸಿಟ್ಟಿಗೆದ್ದಾಳ" ಎಂದು ಸೊಸೆಯನ್ನೇ ಬಯ್ದಳು. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ದೀಕ್ಷೆಗೆ ಹೊರಟ ದಿನ ಬಸ್ಸಿನಲ್ಲಿ ಕಾಕಿ ನನ್ನ ಕಿವಿಯ ಹತ್ತಿರ ಬಂದಳು.

"ಅಲ್ಲಿ ಇದನ್ನ ತೆಗಿ ಅಂತಾರಂತ. ಖರೇ ಏನವ್ವಾ?"

ಖರೇ ಎಂದೆ. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಬೀದರ ಬರುವ ತನಕ ದಾರದ ಗಂಟನ್ನು ಉಗುರಿನಿಂದ ಸಡಿಲಿಸುತ್ತಲೇ ಇದ್ದಳು.

ವಿಹಾರದಲ್ಲಿ ಎಲ್ಲರಿಗೂ ಬಿಳಿ ಬಟ್ಟೆ. ಪಂಚಶೀಲ ಹೇಳಿಸುವ ಮೊದಲು ಅಲ್ಲಿಯ ಹಿರಿಯರು ಒಂದು ಸ್ಟೀಲಿನ ತಾಟು ಮುಂದಿಟ್ಟರು.

"ಕೊರಳಾಗ, ಕೈಯಾಗ ತಾಯತ, ದಾರ ಏನಿದ್ರೂ ಇದ್ರಾಗ ಹಾಕ್ರಿ."

ಕಾಕಾ ಮೊದಲು ತನ್ನ ಸೊಂಟದ ಕರಿದಾರ ಕಿತ್ತು ಹಾಕಿದ, ಎಲ್ಲರಿಗೂ ಕಾಣುವ ಹಾಗೆ. ಕಾಕಿ ಕುತ್ತಿಗೆಯ ಹಿಂದೆ ಕೈ ಒಯ್ದಳು. ಆಯಿ ಆ ಕೈಯನ್ನು ಹಿಡಿದಳು.

"ಕೈ ಹಚ್ಚಬ್ಯಾಡ. ಅದು ದೇವರಲ್ಲ, ನನ್ನ ಸೊಸಿ."

"ನಾ ಯಾರ್ರಿ ಹಂಗಾದ್ರ?"

"ನೀ ಆಕಿ ಜಾಗಾಕ ಬಂದಾಕಿ."

ಹಿರಿಯರು ಕಾಕಾನ ಮುಖ ನೋಡಿದರು. ಮೂಢನಂಬಿಕೆಯ ಮೇಲೆ ತಾಸುಗಟ್ಟಲೆ ಮಾತಾಡುವ ಗಂಡಸು ಗಂಟಲು ಸರಿಮಾಡಿಕೊಂಡು, "ಇರ್ಲಿ ಬಿಡ್ರಿ, ನೆನಪಿಗಿ ಹಾಕ್ಕೊಂಡಾಳ" ಎಂದ. ಕಾಕಿ ಸಡಿಲಾಗಿದ್ದ ಗಂಟನ್ನು ತಾನೇ ಮತ್ತೆ ಬಿಗಿದುಕೊಂಡಳು. ಆಮೇಲೆ ಎಲ್ಲರ ಜೊತೆ ಬುದ್ಧಂ ಶರಣಂ ಎಂದಳು.

ಮುಂದಿನ ಬಸಿರಿನಲ್ಲಿ ರಕ್ತ ಹೋಗಿ ಸತ್ತಳು. ಆಗಲೂ ದವಾಖಾನೆಯ ಮಾತು ಬಂದದ್ದು ತೀರಾ ತಡವಾಗಿ. ಹೆಣಕ್ಕೆ ನೀರು ಹಾಕುವ ಮೊದಲು ಆಯಿ ಬಿಲ್ಲೆಯನ್ನು ಬಿಚ್ಚಿ ತನ್ನ ಸೆರಗಿಗೆ ಕಟ್ಟಿಕೊಂಡಳು. ಅಂತೂ ಕಾಕಿಯ ಕೊರಳು ಖಾಲಿಯಾಯಿತು. ಅಳಬೇಕಾದ ಹೊತ್ತಿನಲ್ಲಿ ನನಗೆ ಮೊದಲು ಹೊಳೆದದ್ದು ಅದೇ.

ಹೋದ ವರ್ಷ ಅದೇ ವಿಹಾರದಲ್ಲಿ ಕಾಕಾ ಮತ್ತೆ ಮದುವೆಯಾದ. ಹುಡುಗಿ ಔರಾದ ಕಡೆಯ ಡಾಬಕಾದವಳು, ನನಗಿಂತ ಚಿಕ್ಕವಳು. ಬಿಳಿ ಸೀರೆ, ಮೇಣದ ಬತ್ತಿ, ಎಲ್ಲ ಚೊಕ್ಕಟ. ಸಮಾನತೆಯ ಬಗ್ಗೆ ಕಾಕಾ ಚೆನ್ನಾಗಿಯೇ ಮಾತಾಡಿದ. ಹೊರಗೆ, ನಾವು ಚಪ್ಪಲಿ ಬಿಟ್ಟಲ್ಲಿ, ಆಯಿ ಸೆರಗಿನ ಗಂಟು ಬಿಚ್ಚಿ ಹುಡುಗಿಯ ಕೊರಳಿಗೆ ಹೊಸ ಬಿಲ್ಲೆ ಕಟ್ಟಿದಳು. ಹಳೆಯದನ್ನು ಕರಗಿಸಿ, ಬೆಳ್ಳಿ ಕೂಡಿಸಿ ಅಗಲವಾಗಿ ಮಾಡಿಸಿದ್ದಳು. ಅದರಲ್ಲಿ ಇಬ್ಬರು ಹೆಂಗಸರಿದ್ದರು. ಅಕ್ಕಸಾಲಿಗ ಇಬ್ಬರಿಗೂ ಒಂದೇ ಅಚ್ಚು ಒತ್ತಿದ್ದ, ನನ್ನ ಕಾಕಿ ಯಾರೆಂದು ನನಗೇ ತಿಳಿಯಲಿಲ್ಲ.

ಹುಡುಗಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಇಬ್ಬರ ಪಕ್ಕದಲ್ಲಿ ಹೆಬ್ಬೆರಳು ಆಡಿಸಿದಳು.

"ಈ ಬಾಜೂಕ ಖಾಲಿ ಯಾಕ ಬಿಟ್ಟಾರ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಹೇಳಿದಳು:

"ಬೆಳ್ಳಿ ಉಳಿದಿತ್ತವ್ವಾ, ಅದಕ್ಕ."