ಅಪರಾಧವಲ್ಲದವುಗಳ ಪೆಟ್ಟಿಗೆ

ಕೋರ್ಟಿನ ಹಿಂಭಾಗದಲ್ಲಿ, ಕಕ್ಷಿದಾರರು ದಾರಿ ತಪ್ಪಿದಾಗ ಮಾತ್ರ ಬಂದು ಇಣುಕುವ ಜಾಗದಲ್ಲಿ, ಮುದ್ದೆಮಾಲು ಕೋಣೆ ಇತ್ತು. ಪೊಲೀಸರು ವಶಪಡಿಸಿಕೊಂಡು ತಂದ ಚಾಕು, ಬೀಗ, ಬಾಟಲಿ, ಹರಿದ ಅಂಗಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಮೊಹರು ಒತ್ತಿ, ಕೇಸು ಮುಗಿಯುವ ತನಕ ಕಾಯುವುದು ಅಲ್ಲಿನ ಗುಮಾಸ್ತನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರಿಂದ ಅವನ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಮಿಕ್ಕವರ ಬಾಯಲ್ಲಿ ಅವನು ಅರಗಿನಯ್ಯ.

ಕೋಣೆಯಲ್ಲಿ ನಾಲ್ಕು ಕಪಾಟುಗಳಿದ್ದವು. ಮನುಷ್ಯನ ಮೈಮೇಲೆ ಕೈ ಮಾಡಿದ ಅಪರಾಧಗಳಿಗೆ ಒಂದು, ಸ್ವತ್ತಿಗೆ ಕೈ ಹಾಕಿದವಕ್ಕೆ ಇನ್ನೊಂದು, ಬೀದಿಯ ನೆಮ್ಮದಿ ಕೆಡಿಸಿದವಕ್ಕೆ ಮೂರನೆಯದು, ಸರ್ಕಾರದ ವಿರುದ್ಧ ತಿರುಗಿಬಿದ್ದವಕ್ಕೆ ನಾಲ್ಕನೆಯದು. ಆ ಕಡೆ ಅಂಥ ಗಂಡೆದೆಯವರು ಯಾರೂ ಹುಟ್ಟದೆ ಇದ್ದುದರಿಂದ ನಾಲ್ಕನೆಯದರಲ್ಲಿ ಅರಗಿನಯ್ಯನ ಊಟದ ಡಬ್ಬಿ ಇರುತ್ತಿತ್ತು. ಇದು ಸರ್ಕಾರದ ಪದ್ಧತಿ. ಪ್ರತಿ ಕಪಾಟಿನೊಳಗೆ ಅವನದೇ ಇನ್ನೊಂದು ಪದ್ಧತಿ ಇತ್ತು. ಬೇಕೆಂದೇ ಮಾಡಿದ್ದು ಮೇಲಿನ ಹಲಗೆಗೆ, ಹೀಗಾದೀತೆಂದು ಗೊತ್ತಿದ್ದೂ ಮಾಡಿದ್ದು ನಡುವಿನದಕ್ಕೆ, ಅಜಾಗರೂಕತೆಯಿಂದ ಆದದ್ದು ಕೆಳಗಿನದಕ್ಕೆ.

"ಚಾಕುವಿಗೇನು ಗೊತ್ತು ಸಾರ್? ಮೇಲಿರೋದೂ ಅದೇ ಚಾಕು, ಕೆಳಗಿರೋದೂ ಅದೇ ಚಾಕು. ಹಿಡಿದವನ ಮನಸ್ಸಲ್ಲಿ ಏನಿತ್ತು ಅನ್ನೋದೇ ಕೇಸು," ಎಂದು ಹೊಸ ವಕೀಲರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದ. ಅವರು ನಗುತ್ತಿದ್ದರು. ಆಮೇಲೆ ಅದನ್ನೇ ನ್ಯಾಯಾಧೀಶರ ಮುಂದೆ ತಮ್ಮದೇ ಮಾತೆಂಬಂತೆ ಬಿಡುತ್ತಿದ್ದರು.

ಕಿಟಕಿಯ ಕೆಳಗೆ ಒಂದು ತಗಡಿನ ಪೆಟ್ಟಿಗೆಯೂ ಇತ್ತು. ಅದರ ಮೇಲೆ ಅವನ ಕೈಬರಹದಲ್ಲಿ 'ಅಪರಾಧವಲ್ಲದ್ದು' ಎಂದಿತ್ತು. ಬುದ್ಧಿ ಸ್ವಾಧೀನದಲ್ಲಿಲ್ಲದವರು, ಜೀವ ಉಳಿಸಿಕೊಳ್ಳಲು ತಿರುಗಿ ಹೊಡೆದವರು, ಏಳು ತುಂಬದ ಮಕ್ಕಳು ಮಾಡಿದ್ದೆಲ್ಲ ಅದರೊಳಕ್ಕೆ. ಹಾಗೊಂದು ಪೆಟ್ಟಿಗೆ ಇಡೆಂದು ಯಾವ ಸಾಹೇಬರೂ ಹೇಳಿರಲಿಲ್ಲ. ತಾನೂ ಆ ಪೆಟ್ಟಿಗೆಗೆ ಸೇರಿದವನು ಎನ್ನುವುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ಆರನೇ ವಯಸ್ಸಿನಲ್ಲಿ ಅವನು ಅಜ್ಜಿಯನ್ನು ಕೊಂದಿದ್ದ. ಹಾಗೆಂದು ಮನೆಯವರು ಹೇಳಿದ್ದರು. ಚಳಿಗೆಂದು ಬಚ್ಚಲುಮನೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಅಜ್ಜಿ ಸ್ನಾನಕ್ಕೆ ಕೂತಿದ್ದಾಗ ಹುಡುಗ ಆಟಕ್ಕೆ ಹೊರಗಿನ ಚಿಲಕ ಹಾಕಿ ಓಡಿಹೋದ. ಒಳಗೆ ಹೊಗೆ ತುಂಬಿತು. ಅಕ್ಕನನ್ನು ಶಾಲೆ ಬಿಡಿಸಿ ಅಡುಗೆಮನೆಗೆ ಹಚ್ಚಬೇಕೆಂದು ಅಜ್ಜಿ ಹಟ ಹಿಡಿದು ಗೆದ್ದ ವಾರ ಅದು. ಪೊಲೀಸರು ಬಂದರು, ಚಿಲಕ ಬಿಚ್ಚಿಸಿಕೊಂಡರು, ಹುಡುಗನ ವಯಸ್ಸು ಕೇಳಿದರು, ಹೋದರು. ಅಷ್ಟಕ್ಕೇ ಮುಗಿಯಿತು. ಆದರೆ ಕೈಯಲ್ಲಿ ಆ ಕಬ್ಬಿಣದ ತಣ್ಣಗಿನ ಸ್ಪರ್ಶ ಅವನಿಗೆ ಇವತ್ತಿಗೂ ನೆನಪಿತ್ತು. ತನ್ನಂಥವನಿಗೆ ಮಕ್ಕಳಾಗಬಾರದು ಎಂದು ಮದುವೆಯ ಮಾತು ಬಂದಾಗಲೆಲ್ಲ ತಪ್ಪಿಸಿಕೊಂಡ. ಅಕ್ಕನೂ ಮದುವೆಯಾಗದೆ ಅವನಿಗೆ ಬೇಯಿಸಿ ಹಾಕುತ್ತ ಜೊತೆಗಿದ್ದಳು. ಅವನು ಕನಸಿನಲ್ಲಿ ಬೆಚ್ಚಿ ಎದ್ದಾಗಲೆಲ್ಲ, "ನೀನು ಮಗು ಕಣೋ, ನಿಂದೇನೂ ತಪ್ಪಿಲ್ಲ," ಎಂದು ತಲೆ ಸವರುತ್ತಿದ್ದಳು.

ಐವತ್ತೆಂಟನೇ ವರ್ಷದಲ್ಲಿ ಆ ಚಿಲಕ ಅವನನ್ನು ಹುಡುಕಿಕೊಂಡು ಬಂತು. ಪೇಟೆಯ ಹಳೇ ಕೋರ್ಟು ಕಟ್ಟಡ ಕೆಡವುವಾಗ ಅಲ್ಲಿ ಕೊಳೆಯುತ್ತಿದ್ದ ಗಂಟುಗಳನ್ನೆಲ್ಲ ಮೂಟೆ ಕಟ್ಟಿ ಇವನ ಕೋಣೆಗೆ ಸಾಗಿಸಿದ್ದರು. ಒಂದು ಗಂಟಿನ ಚೀಟಿಯಲ್ಲಿ ಅರಗಿನಯ್ಯನಿಗೆ ತಮ್ಮ ಹಳೇ ಮನೆಯ ನಂಬರು ಕಂಡಿತು. ಜೊತೆಗೆ ಮಡಚಿ ಕಟ್ಟಿದ ವಿವರದ ಪಟ್ಟಿ ಓದದೆ ಯಾವ ಗಂಟನ್ನೂ ಒಳಗಿಡದ ಮನುಷ್ಯ, ಅವತ್ತು ಮಾತ್ರ ಓದದೆ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಕಿರ್ರೆಂದು ಕಬ್ಬಿಣ ಸರಿದ ಸದ್ದು ಬಂತು. ಇಲಿ ಇರಬೇಕು ಎಂದುಕೊಂಡ. ಅದರ ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಸದ್ದು. ಮೂರನೆಯ ದಿನ ಕಸ ಗುಡಿಸುವಾಕೆ ಪೊರಕೆ ಹಿಡಿದು ನಿಂತಲ್ಲೇ ನಿಂತಳು. "ಒಳಗೆ ಯಾರನ್ನೋ ಕೂಡಿ ಹಾಕ್ಬಿಟ್ಟಿದೀರಾ ಸಾರ್?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಅವನು ಗಂಟನ್ನು ಹೊರತೆಗೆದ. ಮೊಹರು ಒಡೆದಿರಲಿಲ್ಲ, ದಾರ ಸಡಿಲಾಗಿರಲಿಲ್ಲ. ಪೆಟ್ಟಿಗೆಗೆ ಹಾಕುವಾಗ ಬಟ್ಟೆಯ ಮೇಲಿಂದಲೇ ಕೈಗೆ ಸಿಕ್ಕಿದ್ದ ಚಿಲಕದ ಸರಳು ಈಗ ಪೂರ್ತಿ ಒಳಗೆ ಸರಿದಿತ್ತು. ಐವತ್ತೆರಡು ವರ್ಷದ ಅರಗು ಬಿರಿದು ಉದುರಬೇಕಿತ್ತು. ಅದು ಈಗಷ್ಟೇ ಸುರಿದಂತೆ ಮೆತ್ತಗಿದ್ದು, ಅವನ ಹೆಬ್ಬೆರಳಿನ ಗುರುತನ್ನು ಹಿಡಿದುಕೊಂಡಿತು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಪಟ್ಟಿ ಬಿಡಿಸಿದ.

'ಕಬ್ಬಿಣದ ಚಿಲಕ ಒಂದು. ಬಾಗಿಲ ಹೊರಮೈಯಲ್ಲಿ, ನೆಲದಿಂದ ಐದು ಅಡಿ ಮೂರು ಅಂಗುಲ ಎತ್ತರ. ಹತ್ತಿರದಲ್ಲಿ ಸ್ಟೂಲು, ಪೆಟ್ಟಿಗೆ, ಏಣಿ ಯಾವುದೂ ಇಲ್ಲ.'

ಟೇಪು ಹಿಡಿದು ಗೋಡೆಯ ಮೇಲೆ ಅಷ್ಟೆತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆ ಅವನ ಹುಬ್ಬಿನ ಮಟ್ಟಕ್ಕೆ ಬಂತು. ಆರು ವರ್ಷದ ಮಗು ತುದಿಗಾಲಲ್ಲಿ ನಿಂತು ಕೈ ಎತ್ತಿದರೂ ಇನ್ನೂ ಅರ್ಧ ಅಡಿ ಉಳಿಯುತ್ತದೆ. ಹುಡುಗನಿಗೆ ಆರು ಎಂದು ಗೊತ್ತಾದ ಮೇಲೆ ಮುಂದಿನ ಸಾಲು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹಾಗಾದರೆ ಕೈಯಲ್ಲಿನ ಆ ತಣ್ಣನೆಯ ನೆನಪು ಯಾರದು? ಅದನ್ನು ತನಗೆ ವರ್ಷಗಟ್ಟಲೆ ಹೇಳಿ ಹೇಳಿ ಕೊಟ್ಟವರು ಯಾರು?

ಸಂಜೆ ಮನೆಗೆ ಬಂದಾಗ ಅಕ್ಕ ಮೊರದ ತುಂಬ ಬಟಾಣಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಅವನು ಚಪ್ಪಲಿ ಬಿಡದೆ ಎದುರಿಗೆ ಕುಳಿತ.

"ಅಕ್ಕಾ, ಬಚ್ಚಲ ಬಾಗಿಲಿನ ಚಿಲಕ ನನಗೆ ಎಟುಕ್ತಿತ್ತಾ?"

ಅಕ್ಕ ತಲೆ ಎತ್ತಲಿಲ್ಲ. "ಇಲ್ಲ."

"ಮತ್ತೆ ನಾನೇ ಅಂತ ಯಾಕೆ ಹೇಳಿದ್ರಿ?"

"ನಿನಗೆ ಆರು. ನನಗೆ ಹದಿಮೂರು. ಅಪ್ಪ ಕೋರ್ಟಿನ ಮುಂದೆ ಟೈಪು ಹೊಡೀತಿದ್ದೋರು, ಅವರಿಗೆ ಎಲ್ಲ ಗೊತ್ತಿತ್ತು. ಸಣ್ಣೋನನ್ನ ಕಾನೂನು ಮುಟ್ಟಲ್ಲ, ಅವನಿಗೇನೂ ಆಗಲ್ಲ ಅಂದ್ರು."

ಏನೂ ಆಗಲ್ಲ. ಅವನಿಗೆ ಕೂಗಬೇಕೆನ್ನಿಸಿತು. ಹೋದ ಇಡೀ ಬಾಳನ್ನು ಯಾರ ಕೊರಳಪಟ್ಟಿ ಹಿಡಿದು ಕೇಳುವುದು? ಆದರೆ ಎದುರಿಗೆ ಕೂತಿದ್ದವಳು ಅವನಿಗೆ ಅನ್ನ ಹಾಕಿ ಬೆಳೆಸಿದ ಅಕ್ಕ. ಸಿಟ್ಟಿಗಿಂತ ಮೊದಲು ಭಯವಾಯಿತು. ಎಂಥ ಕೆಟ್ಟ ಕಕ್ಷಿದಾರನಿಗೂ ವಕೀಲ ಒಂದು ದಾರಿ ಹುಡುಕುವ ಹಾಗೆ, ಅವಳ ಉತ್ತರವನ್ನು ತಾನೇ ಅವಳ ಬಾಯಿಗಿಡಲು ನೋಡಿದ.

"ನೀನು ಸುಮ್ನೆ ಹಾಕಿರ್ತೀಯ. ಒಳಗೆ ಯಾರೂ ಇಲ್ಲ ಅನ್ಕೊಂಡಿರ್ತೀಯ. ಅಲ್ವಾ ಅಕ್ಕಾ?"

ಅಕ್ಕ ಒಂದು ಕಾಯಿ ಬಿಡಿಸಿ, ಕಾಳುಗಳನ್ನು ಬೆರಳಿನಿಂದ ಮೊರಕ್ಕೆ ಜಾರಿಸಿದಳು.

"ಅಜ್ಜಿ ನನ್ನ ಹೆಸರು ಹಿಡಿದು ಕರೀತಾನೇ ಇದ್ರು ಕಣೋ. ಸುಮ್ಮನಾಗೋ ತನಕ ನಾನು ಬಾಗಿಲ ಹತ್ರಾನೇ ನಿಂತಿದ್ದೆ."