ನೀರಿನ ರುಚಿ ನೋಡುವ ಮಾಸ್ತರು

ಕುಂಚ ಅದ್ದುವ ಮೊದಲು ನೀರಿನ ರುಚಿ ನೋಡುವವರನ್ನು ನಾನು ಕಂಡದ್ದು ಒಬ್ಬರನ್ನೇ. ಶಾಲೆಯಲ್ಲಿ ನನಗೆ ಚಿತ್ರ ಕಲಿಸಿದ ಮಾಸ್ತರು ಅವರು. ನಿವೃತ್ತರಾಗಿ ಕುಮಟೆಯ ಹತ್ತಿರ ಹೊಳನಗದ್ದೆಯಲ್ಲಿದ್ದರು. ಗದ್ದೆಯ ಬದುವಿನ ಮೇಲೆ ಮಣೆ ಹಾಕಿ ಕೂತು, ಬಾವಿಯಿಂದ ತಂದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಅಡ್ಡಿಲ್ಲ" ಅಂದ ಮೇಲೆಯೇ ಬಣ್ಣ ಕಲಸುವರು. ಅವರ ಬಾವಿಯ ನೀರು ಸಿಹಿಯೆಂದು ಊರಿಗೇ ಗೊತ್ತಿರುವಾಗ ಇದೆಂಥ ಮಡಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಭಟ್ಕಳದ ಮುಟ್ಟಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮಗ್ಗಿ ಹೇಳಿಸಿ ಹೇಳಿಸಿ ಬೇಸತ್ತಿದ್ದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಬೇಕೆಂಬ ಹುಚ್ಚು ತಲೆಗೇರಿತ್ತು. ಜೂನಿನಲ್ಲಿ ಕಾರವಾರದಲ್ಲಿ ಆಯ್ಕೆ. ಎದುರಿಗೆ ಕೂತು ಕಂಡು ಬರೆದ ಒಂದು ನಿಸರ್ಗಚಿತ್ರ ಒಯ್ಯಬೇಕು. ವಯಸ್ಸಿನ ಮಿತಿಯಿಂದಾಗಿ ನನಗೆ ಅದೇ ಕೊನೆಯ ಅವಕಾಶ. ಹಾಗಾಗಿ ಪ್ರತಿ ರವಿವಾರ ಹೊಳನಗದ್ದೆಗೆ ಓಡುತ್ತಿದ್ದೆ. ಹೊನ್ನಾವರದಲ್ಲಿ ಆಗ ಸೇತುವೆಯಿರಲಿಲ್ಲ. ಬಸ್ಸಿಳಿದು, ಲಾಂಚು ಕಾದು, ಶರಾವತಿ ದಾಟಿ, ಆಚೆ ಮತ್ತೊಂದು ಬಸ್ಸು ಹಿಡಿಯಬೇಕು.

"ಕಣ್ಣು ಅರ್ಧ ಮುಚ್ಚು ತಮಾ. ಎಲೆ ಎಣಿಸೂಕೆ ಬಂದವ ಅಲ್ಲ ನೀನು" ಎನ್ನುತ್ತಿದ್ದರು ಮಾಸ್ತರು. ತೆಂಗಿನ ಗರಿಗಳು ಬೇರೆಬೇರೆಯಾಗಿ ಕಾಣುವುದು ನಿಂತು, ಬರೀ ಬೆಳಕು ಮತ್ತು ನೆರಳು ಉಳಿದ ಮೇಲೆಯೇ ಕುಂಚ ಎತ್ತಬೇಕು. ನೆರಳು ಬಿದ್ದ ಜಾಗವನ್ನು ಮೊದಲೇ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡರೆ ಆಮೇಲೆ ಸೂರ್ಯ ಎಲ್ಲಿಗೆ ಬೇಕಾದರೂ ಹೋಗಲಿ. ಆ ನೆರಳಿಗೆ ಕಪ್ಪು ಮುಟ್ಟಕೂಡದು, ನೀಲಿಗೆ ಚೂರು ಕಾವಿ ಬೆರೆಸಿದರೆ ಸಾಕು. ನೀರಿನ ಮೇಲಿನ ಹೊಳಪನ್ನಂತೂ ಬರೆಯುವುದೇ ಅಲ್ಲ. ಅಲ್ಲಿ ಕಾಗದವನ್ನು ಬಿಳಿಯಾಗಿ ಬಿಟ್ಟುಬಿಡುವುದು. ಒಡೆದ ಪಿಂಗಾಣಿ ಬಶಿ, ಒಂದೇ ಒಂದು ಕುಂಚ, ಅಷ್ಟರಲ್ಲಿ ಅವರು ಇಡೀ ಗದ್ದೆಬಯಲನ್ನು ಹಾಳೆಗೆ ಇಳಿಸುವಾಗ ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

ಆದರೆ ಅವರ ಜಗಲಿಯ ಗೋಡೆಯ ಮೇಲೆ ಅವರದೊಂದೂ ಚಿತ್ರವಿರಲಿಲ್ಲ. ಒಂದು ಖಾಲಿ ಮೊಳೆಯಿತ್ತು. ಪೆಟ್ಟಿಗೆಯ ತಳದಲ್ಲಿ ದಪ್ಪನೆಯ ವಿಲಾಯತಿ ಕಾಗದದ ಒಂದೇ ಹಾಳೆ. ಅಂಥದು ಅಂಗಡಿಗೆ ಬರುವುದೇ ನಿಂತುಹೋಗಿತ್ತು. ಅದರ ಮೇಲೆ ತಮ್ಮ ಗದ್ದೆಯನ್ನು ಬರೆದು ಆ ಮೊಳೆಗೆ ಹಾಕಬೇಕೆಂದು ಅವರ ಆಸೆ. "ಕೈ ಇನ್ನೂ ಹದಕ್ಕೆ ಬರ್ಲಿಲ್ಲ" ಎನ್ನುವರು, ಅರವತ್ತು ದಾಟಿದ ಮನುಷ್ಯ!

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಹೊನ್ನಾವರದ ಈಚೆ ದಡಕ್ಕೆ ಬಂದಾಗ ಲಾಂಚು ಆಚೆಯಿತ್ತು. ಅಳಿವೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಬರೆಯಲು ಕೂತುಬಿಟ್ಟೆ. ಸೀಸೆಯ ನೀರನ್ನು ದಾರಿಯಲ್ಲೇ ಕುಡಿದು ಮುಗಿಸಿದ್ದೆನಾದ್ದರಿಂದ ಹೊಳೆಯಲ್ಲೇ ತುಂಬಿಕೊಂಡೆ. ಭರತದ ಹೊತ್ತು, ಸಮುದ್ರವೇ ಹೊಳೆಯೊಳಗೆ ಬಂದಿತ್ತು. ಲಾಂಚು ಬರುವಷ್ಟರಲ್ಲಿ ಚಿತ್ರ ಮುಗಿಯಿತು. ಅಷ್ಟು ಒಳ್ಳೆಯದನ್ನು ನಾನು ಅದುವರೆಗೆ ಬರೆದಿರಲಿಲ್ಲ. ಚಿತ್ರದ ಒಣಗಿದ ಆಕಾಶದಲ್ಲಿ ಸಣ್ಣ ಹರಳುಗಳು ಮಿನುಗಿದವು. ಮರಳಿರಬೇಕೆಂದು ಅಂಗೈಯಲ್ಲಿ ಒರೆಸಿದೆ. ಆಯ್ಕೆಯ ಹಿಂದಿನ ದಿನವೇ ತೋರಿಸಿ ಮಾಸ್ತರನ್ನು ಬೆರಗುಗೊಳಿಸೋಣವೆಂಬ ಜಂಬದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ.

ಮಳೆ ಹಿಡಿದ ಮೇಲೆ ಅವರ ಜಗಲಿಯಲ್ಲಿ ಸುರುಳಿ ಬಿಚ್ಚಿದರೆ ಕಾಗದ ಬೆವರುತ್ತಿತ್ತು. ಆಕಾಶ ಗುಡ್ಡದ ಮೇಲೆ ಇಳಿದು, ಗುಡ್ಡ ಹೊಳೆಗೆ ಬಿದ್ದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸ್ತರು ಚಿತ್ರದ ಮೂಲೆಯನ್ನು ನಾಲಿಗೆಗೆ ತಾಗಿಸಿದರು.

"ಉಪ್ಪು. ಮಳೆಗಾಲದ ತೇವ ಎಳೀತದೆ. ಹೊಳೆ ನೀರಾ?"

"ಹೌದು ಮಾಸ್ತರೇ. ನಾಳೆಗೆ ಎಂತ ಮಾಡೂದು?"

ಬೈಯುತ್ತಾರೆಂದು ಕಾದೆ. ಅವರು ಒಳಗೆ ಹೋಗಿ ಆ ವಿಲಾಯತಿ ಹಾಳೆಯನ್ನು ತೆಗೆದು, ತೇವ ಹೋಗಲೆಂದು ಒಲೆಯ ಬಿಸಿಗೆ ಹಿಡಿದು ತಂದರು. ನಾನು ಬೇಡವೇ ಬೇಡವೆಂದೆ.

"ಸುಮ್ನಿರು. ಮಳೆಗಾಲದಲ್ಲಿ ಬಿಸಿಲು ಬರೀತೆ ಅಂದ್ರೆ ಆಗೂದಿಲ್ಲ. ಒಣಗದೇ ಇದ್ದದ್ದನ್ನೇ ಬರಿ" ಎಂದು ಎದುರಿನ ಗದ್ದೆಯ ಕಡೆ ಕೈ ತೋರಿಸಿದರು.

ಬಾವಿಯ ನೀರು ತಂದು, ಈ ಸಲ ನಾನೇ ರುಚಿ ನೋಡಿದೆ. ನೀರು ಸವರಿದ ಹಾಳೆಯ ಮೇಲೆ ಮೋಡದ ಬಣ್ಣ ತಾನಾಗಿ ಹರಡಿ ಮಳೆಯಾಯಿತು. ಗದ್ದೆಯ ನೀರಿಗೆ ಬಿಳಿ ಬಿಟ್ಟೆ. ಮಾಸ್ತರು ಪಕ್ಕದಲ್ಲೇ ಕೂತಿದ್ದರು, ಒಮ್ಮೆಯೂ ಕುಂಚ ಮುಟ್ಟಲಿಲ್ಲ. ಮುಗಿದಾಗ ಒಂದೇ ಮಾತು: "ಆತು, ಇನ್ನು ಕೈ ಹಚ್ಚಬೇಡ."

ನಾನು ಆಯ್ಕೆಯಾದೆ. ಕಾರವಾರದಿಂದ ನೇರವಾಗಿ ಹೊಳನಗದ್ದೆಗೆ ಹೋದೆ, ಚಿತ್ರವನ್ನು ಆ ಮೊಳೆಗೇ ಹಾಕೋಣವೆಂದು. ಮೊಳೆ ಖಾಲಿಯಿರಲಿಲ್ಲ. ನಾನು ಬಿಟ್ಟುಹೋಗಿದ್ದ ಹಾಳಾದ ಅಳಿವೆಯ ಚಿತ್ರ ಅಲ್ಲಿ ತೂಗುತ್ತಿತ್ತು.

"ಇದರ ಆಕಾಶ ಬೆವರಿದ್ರೆ ಮಳೆ ಬರ್ತದೆ ಹೇಳಿ ಲೆಕ್ಕ. ಪಂಚಾಂಗಕ್ಕಿಂತ ಅಡ್ಡಿಲ್ಲ" ಎಂದು ನಕ್ಕರು.

"ಆದರೆ ನಿಮ್ಮ ಚಿತ್ರ ಉಳಿದೇ ಹೋಯ್ತಲ್ಲ, ಮಾಸ್ತರೇ."

"ನನ್ನ ಹಾಳೆ ಮೇಲೆ ನನ್ನ ಗದ್ದೆ ಬಂತಲ್ಲ. ಕೈ ಯಾರದ್ದಾದ್ರೆ ಎಂತ? ಅದನ್ನ ತಕಂಡು ಹೋಗು, ನಿನ್ನ ಶಾಲೆ ಮಕ್ಕಳಿಗೆ ತೋರಿಸು."

ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಹೈಸ್ಕೂಲಿನ ಮೊದಲ ತರಗತಿಯಲ್ಲಿ ಮೇಜಿನ ಮೇಲಿನ ಲೋಟದಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ ಎಂದು ಬಿಟ್ಟೆ.