ಮೂರು ಸಲ ನಾಂಪಲ್ಲಿಗೆ

ನಾನು ಬರೆದ ಒಂದೇ ಒಂದು ನಾಟಕ ಹೈದರಾಬಾದಿನ ಕೂಕಟ್‌ಪಲ್ಲಿಯ ಫಂಕ್ಷನ್ ಹಾಲೊಂದರಲ್ಲಿ ಒಂದೇ ಒಂದು ಸಂಜೆ ನಡೆಯಿತು. ಅದರಲ್ಲಿ ಕಳ್ಳ ಯಾರು ಎನ್ನುವುದು ನೋಡಿದವರಿಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಅಷ್ಟು ಚಪ್ಪಾಳೆ ನಮ್ಮ ಕನ್ನಡ ಸಂಘದಲ್ಲಿ ಅದಕ್ಕೆ ಮುಂಚೆ ಯಾರಿಗೂ ಬಿದ್ದಿರಲಿಲ್ಲ.

ಆಗ ಹೈದರಾಬಾದಿಗೆ ಕಂಪ್ಯೂಟರ್ ಹುಚ್ಚು ಹಿಡಿದಿತ್ತು. ನಮ್ಮ ಗಲ್ಲಿಗೆ ಬಾಡಿಗೆಗೆ ಬರುವವರೆಲ್ಲ ಸಾಫ್ಟ್‌ವೇರಿನವರು. ತರಕಾರಿಯವನು ಕೂಡ ಬೆಂಡೆಕಾಯಿ ತೂಗುತ್ತ, ಮಗಳಿಗೆ ಯಾವ ಕೋರ್ಸು ಒಳ್ಳೆಯದೆಂದು ಕೇಳುತ್ತಿದ್ದ. ಸಂಘದ ರಾಜ್ಯೋತ್ಸವದಲ್ಲಿ ಮಾತ್ರ ವರ್ಷ ವರ್ಷವೂ ಅದೇ ಗಂಡ-ಹೆಂಡಿರ ಜಗಳದ ಹಾಸ್ಯ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಈ ಸಲ ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರದ ಮೇಲೆ ಒಂದು ಪತ್ತೇದಾರಿ ನಾಟಕ ಬರೆಯುತ್ತೇನೆ ಎಂದೆ. ಕಾರ್ಯದರ್ಶಿಗಳು ನಕ್ಕರು. ಹಾಗೆ ನಗುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಹಟಕ್ಕೆ ಬಿದ್ದು ಬರೆದೇಬಿಟ್ಟೆ.

ಒಬ್ಬ ಮುದಿ ವಿಜ್ಞಾನಿಯ ಸೂತ್ರ ಕಳುವಾಗಿದೆ. ಕಳ್ಳನನ್ನು ಹಿಡಿಯಲು ಅವನು ಯಂತ್ರ ಹತ್ತಿ ಹಿಂದಿನ ಕಾಲಕ್ಕೆ ಹೋಗಬೇಕು. ಆದರೆ ಹೋದಾಗಲೆಲ್ಲ ಅವನ ನೆನಪು ಒಂದಷ್ಟು ಅಳಿಸಿಹೋಗುತ್ತದೆ. ಪೂರ್ತಿ ಅಳಿಸುವುದರೊಳಗೆ ಕಳ್ಳ ಸಿಗಬೇಕು. ಇಷ್ಟೇ ಕಥೆ.

ವಿಜ್ಞಾನಿಯ ಪಾತ್ರ ನಮ್ಮ ಮಾವನವರದು. ಪ್ರಾಯದಲ್ಲಿ ಬಿಜಾಪುರದ ಕಡೆ ನಾಟಕಗಳಿಗೆ ಬಣ್ಣ ಹಚ್ಚಿದ್ದವರು, ಆಮೇಲೆ ಇಲ್ಲಿಯ ನಾಚಾರಂನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆ ವರ್ಷ ಅವರಿಗೆ ನೆನಪು ಕೈಕೊಡಲು ಶುರುವಾಗಿತ್ತು. ಒಂದು ಬೆಳಿಗ್ಗೆ ಹಾಲು ತರಲು ಹೋದವರು ದಾರಿ ಮರೆತು, ಯಾರದೋ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಅಂದಿನಿಂದ ನನ್ನ ಯಜಮಾನರು ಅವರೊಬ್ಬರನ್ನೇ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮಾವ ಎದ್ದರೆ ಸಾಕು, "ನೀವು ಕುಂದರ್ರಿ ಅಪ್ಪಾ" ಅನ್ನುವುದು ಮಗನ ಜಪವಾಗಿತ್ತು.

ತಾಲೀಮಿನಲ್ಲಿ ಮಾವ ಮಾತು ತಪ್ಪಿದ್ದೇ ತಡ, ಕಾರ್ಯದರ್ಶಿಗಳು "ಇವರನ್ನ ಬದಲಿ ಮಾಡೂಣ್ರಿ" ಎಂದರು. ಕಳ್ಳನ ಪಾತ್ರ ಈ ಕಾರ್ಯದರ್ಶಿಗಳದೇ. ಮನೆಗೆ ಬಂದ ಮೇಲೆ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ತಂಗೀ, ನನ್ನ ತೆಗೀಬ್ಯಾಡವ್ವಾ. ಇದೊಂದು ಮಾಡಿ ತೋರಸ್ತೀನಿ. ಇದ್ರಾಗ ಸೋತ್ನಿ ಅಂದ್ರ, ಆಮ್ಯಾಲೆ ನೀವು ಕುಂದ್ರು ಅಂದಲ್ಲೇ ಕುಂದರ್ತೀನಿ."

"ನೀವಿಲ್ಲಂದ್ರ ನಾಟಕಾನೇ ಇಲ್ರಿ ಮಾವಾರ" ಎಂದೆ. ಕಾರ್ಯದರ್ಶಿಗಳಿಗೂ ಅದನ್ನೇ ಹೇಳಿದೆ, ಸ್ವಲ್ಪ ಖಾರ ಹೆಚ್ಚು ಮಾಡಿ.

ನಮ್ಮ ಮೇಲಿನ ಮನೆಯಲ್ಲಿದ್ದ ಕಲಬುರಗಿ ಕಡೆಯ ಸಾಫ್ಟ್‌ವೇರ್ ಇಂಜಿನಿಯರ್ ಸಹಾಯಕನ ಪಾತ್ರ ಒಪ್ಪಿಕೊಂಡ. ತನ್ನ ಆಫೀಸಿಗೆ ಕಂಪ್ಯೂಟರ್ ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ಆಟೋದಲ್ಲಿ ಹೇರಿಕೊಂಡು ಬಂದ. ಅವಕ್ಕೆ ಬೆಳ್ಳಿ ಕಾಗದ ಸುತ್ತಿ, ದೀಪಾವಳಿಯ ಸೀರಿಯಲ್ ಲೈಟು ಇಳಿಬಿಟ್ಟರೆ ಯಂತ್ರ ತಯಾರು.

ನಾಟಕದಲ್ಲಿ ಮೊದಲ ಪಯಣ ನಾಂಪಲ್ಲಿಯಲ್ಲಿ ಪ್ರತಿ ಜನವರಿಗೆ ನಡೆಯುವ ಎಕ್ಸಿಬಿಷನ್ನಿಗೆ. ಅದನ್ನು ಸೇರಿಸಿದ್ದು ಮಾವನೇ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಳೆ ಇಡಿಸಿದ್ದರಂತೆ. ಪತ್ತೇದಾರಿ ಕಥೆಗೆ ಬಳೆ ಅಂಗಡಿ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಹಿಂದಕ ಹೋಗೂ ಮಶೀನ್ ಸಿಕ್ಕ ಮ್ಯಾಲೆ ಮದಲ ಕಳ್ಳನ್ನ ನೋಡಾಕ ಯಾರ್ ಹೊಕ್ಕಾರವ್ವಾ?" ಅಂದರು. ಬಳೆ ಅಂಗಡಿಯನ್ನು ಬರೆದು ಸೇರಿಸಿದೆ. ಹೆಂಡತಿಯ ಪಾತ್ರಕ್ಕೆ ಅತ್ತೆಯೂ ಒಲ್ಲೆ ಎಂದು, ಸಂಘದ ಬೇರೆ ಯಾವ ಹೆಂಗಸೂ ಮುಂದೆ ಬಾರದ್ದರಿಂದ, ಮಾವ ಖಾಲಿ ಜಾಗದ ಜೊತೆಗೇ ಮಾತಾಡಬೇಕಾಯಿತು. ಎರಡನೇ ಪಯಣ ಕಳುವಾದ ದಿನದ ಪ್ರಯೋಗಾಲಯಕ್ಕೆ. ಅಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಎರಡೂ ಸಲ ಯಂತ್ರ ಹತ್ತುವಾಗ ಸಹಾಯಕ ಕೇಳುವ ಮಾತು ಒಂದೇ: "ಎಲ್ಲಿಗೆ ಸರ್?"

ಅಂದು ಸಂಜೆ ಮಾತು ಎತ್ತಿಕೊಡಲು ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಮೊದಲ ಪಯಣ ಹೂವೆತ್ತಿದ ಹಾಗೆ ಮುಗಿಯಿತು. ಖಾಲಿ ಜಾಗದ ಕೈ ಹಿಡಿದು ಮಾವ ಬಳೆ ಏರಿಸಿದ ರೀತಿಗೆ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾವ ವರ್ತಮಾನಕ್ಕೆ ಬಂದು ಮತ್ತೆ ಯಂತ್ರ ಹತ್ತಿದರು.

"ಎಲ್ಲಿಗೆ ಸರ್?"

"ನಾಂಪಲ್ಲಿಗೆ."

"ಪ್ರಯೋಗಾಲಯ, ಪ್ರಯೋಗಾಲಯ" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಇಂಜಿನಿಯರ್ ಮಹಾಶಯ ಮಾತ್ರ ಧೈರ್ಯಗೆಡದೆ, "ಮತ್ತೆ ಇಲ್ಲಿಗೇ ಬಂದೆವಲ್ಲ ಸರ್! ಯಂತ್ರ ಕೆಟ್ಟಿರಬೇಕು" ಎಂದು ಸ್ವಂತ ಮಾತು ಸೇರಿಸಿದ. ಜನ ಕಿವಿ ನೆಟ್ಟಗೆ ಮಾಡಿಕೊಂಡರು. ಅದೇ ಅಂಗಡಿ, ಅದೇ ಚೌಕಾಸಿ, ಅದೇ ಬಳೆ ಇನ್ನೊಮ್ಮೆ ನಡೆದವು. ನನ್ನ ಯಜಮಾನರು ಕುರ್ಚಿಯಲ್ಲಿ ತಲೆ ತಗ್ಗಿಸಿಬಿಟ್ಟಿದ್ದರು. ಇನ್ನು ಮಾವನನ್ನು ಕೂರಿಸಿದ ಜಾಗದಿಂದ ಎಬ್ಬಿಸುವವರಿಲ್ಲ ಎಂದುಕೊಂಡು ನನಗೆ ಅಳುವೇ ಬಂತು.

ಮತ್ತೆ ಯಂತ್ರ ಹತ್ತಿದರು. "ಎಲ್ಲಿಗೆ ಸರ್?" ಈ ಸಲ ಸಹಾಯಕನ ದನಿ ಅಂಗಲಾಚುತ್ತಿತ್ತು. ನಾನು ನಾಚಿಕೆ ಬಿಟ್ಟು ಜೋರಾಗಿಯೇ "ಪ್ರಯೋಗಾಲಯ!" ಎಂದೆ. ಮಾವ ನನ್ನ ಕಡೆ ತಿರುಗಿ ನೋಡಿ, ಮೆಲ್ಲಗೆ ಮುಂದಕ್ಕೆ ತಿರುಗಿಕೊಂಡರು.

"ನಾಂಪಲ್ಲಿಗೆ."

ಆಗ ಮುಂದಿನ ಸಾಲಿನಿಂದ ನಮ್ಮ ಅತ್ತೆ ಎದ್ದರು. ವೇದಿಕೆ ಹತ್ತಿ, ಇಷ್ಟು ಹೊತ್ತು ಮಾವ ಮಾತಾಡುತ್ತಿದ್ದ ಆ ಖಾಲಿ ಜಾಗದಲ್ಲಿ ಹೋಗಿ ನಿಂತು, ಬಳೆ ತುಂಬಿದ ಕೈ ಮುಂದೆ ಚಾಚಿದರು.

"ಸಾಕು ಬರ್ರೀ. ಬಳಿ ಆಗ್ಲೇ ತೊಗೊಂಡೀವಲ್ಲಾ. ಮನಿಗೆ ಹೋಗೂಣು."

ಮಾವ ನಕ್ಕು ಆ ಕೈ ಹಿಡಿದುಕೊಂಡು ಯಂತ್ರದಿಂದ ಇಳಿದರು. ಸಹಾಯಕ ಸೀರಿಯಲ್ ಲೈಟು ಆರಿಸಿದ. ನಾನು ಪರದೆ ಎಳೆದೆ. ಸಭೆಗೆ ಸಭೆಯೇ ಎದ್ದು ನಿಂತಿತು. ಗಡ್ಡ ಅಂಟಿಸಿಕೊಂಡು, ಕರಿ ಕೋಟು ತೊಟ್ಟು ಒಳಗೆ ಕಾಯುತ್ತಿದ್ದ ಕಾರ್ಯದರ್ಶಿಗಳು "ನನ್ನ ಪಾರ್ಟು?" ಎಂದು ಕೇಳುತ್ತಲೇ ಇದ್ದರು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಕಾಲ ಸುತ್ತಿ ಸುತ್ತಿ ಅಲ್ಲಿಗೇ ಬರುವ ಉಪಾಯ ಹೇಗೆ ಹೊಳೆಯಿತು ಎಂದು ಜನ ನನ್ನನ್ನು ಮುತ್ತಿಕೊಂಡರು. ಬಂದ ಹೊಗಳಿಕೆಯನ್ನು ಬೇಡ ಅನ್ನುವಷ್ಟು ದೊಡ್ಡವಳು ನಾನಲ್ಲ.

ಆಟೋದಲ್ಲಿ ಮಾವ ನನ್ನ ಕಡೆ ಬಗ್ಗಿ ಹೇಳಿದರು: "ಎರಡ್ನೇ ಸಲ ಮರತಿದ್ನಿ, ಖರೆ ಐತಿ. ಮೂರ್ನೇ ಸಲ ಬೇಕಂತ ಹೋದ್ನಿ. ಭಾಳ ಛಲೋ ಅನಸಾಕತ್ತಿತ್ತವ್ವಾ ಅಲ್ಲಿ."

"ಗೊತ್ತಾತು," ಅಂದರು ಅತ್ತೆ ರಸ್ತೆ ನೋಡುತ್ತ. "ಅದಕ್ಕ ನಾ ಎದ್ದು ಬಂದೆ."

ಮರುದಿನ ಬೆಳಿಗ್ಗೆ ಮಾವ ಹಾಲಿನ ಚೀಲ ಕೈಗೆ ತೆಗೆದುಕೊಂಡರು. ನನ್ನ ಯಜಮಾನರು ಅಭ್ಯಾಸಬಲದಿಂದ "ನೀವು ಕುಂದರ್ರಿ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು. ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಾಗಿತ್ತು.

"ನಡೀರಿ, ನಾನೂ ಬರ್ತೀನಿ. ದಾರಿ ತಪ್ಪಿದ್ರ ಇಬ್ಬರೂ ತಪ್ಪೂಣು."

ಅವತ್ತು ಹಾಲು ತಡವಾಗಿ ಬಂತು. ಯಾಕೆಂದು ಯಾರೂ ಕೇಳಲಿಲ್ಲ.